ಕಣ್ಣಿನ ರಕ್ತನಾಳ ಬ್ಲಾಕ್ ಅಂತಾರೆ, ಆದ್ರೆ ಲಕ್ಷಣ ಬೇರೆ ಥರ ಇದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೆ ಹೋಗುವ ಮುಂಚೆ ಗೋಡೆಯ ಅಕ್ಷರ ಓದಿಸಿ, ಪ್ರೆಶರ್ ನೋಡಿ, ಹನಿ ಹಾಕಿ ಕೂರಿಸುತ್ತಾರಲ್ಲ, ಆ ಕೆಲಸ ನನ್ನದು. ಹನಿ ಹಾಕಿದ ಮೇಲೆ ಪಾಪೆ ಅರಳಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ ಕೂತವರು, ಅವರ ಜೊತೆ ಬಂದವರು ಕೇಳುವ ಪ್ರಶ್ನೆಗಳು ಇವು. ಡಾಕ್ಟರ ಮುಂದೆ ಕೇಳಲು ಸಂಕೋಚ, ನನ್ನ ಹತ್ತಿರ ಸಲೀಸು. ಮಾಮೂಲಿ ಲಕ್ಷಣಗಳ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ. ಹಾಗಾಗಿ ಮಾಮೂಲಿ ಅಲ್ಲದ್ದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

"ಕಣ್ಣಿನ ನರ ಬ್ಲಾಕ್ ಆಗಿದೆ" ಅಂದ್ರು. ನರಕ್ಕೆ ಶಕ್ತಿ ಬರುವ ಮಾತ್ರೆ ತಗೊಂಡ್ರೆ ಸರಿ ಹೋಗುತ್ತಾ?

ಇಲ್ಲ. ಇಲ್ಲಿ ನಮ್ಮ ಭಾಷೆಯೇ ಸ್ವಲ್ಪ ಗೊಂದಲ ಮಾಡುತ್ತದೆ. ಕೈಗೆ ಸೂಜಿ ಚುಚ್ಚುವಾಗ "ನರ ಸಿಗ್ತಿಲ್ಲ" ಅಂತೀವಿ. ಕಾಲು ಜುಮ್ಮೆಂದರೂ "ನರದ ತೊಂದರೆ" ಅಂತೀವಿ. ಮೊದಲನೆಯದು ರಕ್ತ ಹರಿಯುವ ಕೊಳವೆ, ಎರಡನೆಯದು ಸಂದೇಶ ಒಯ್ಯುವ ತಂತಿ. ಎರಡಕ್ಕೂ ಒಂದೇ ಹೆಸರು. ಕಣ್ಣಿನಲ್ಲಿ ಬ್ಲಾಕ್ ಆಗಿರುವುದು ಕೊಳವೆ.

ಕಣ್ಣಿನ ಹಿಂಭಾಗದ ರೆಟಿನಾ ಎಂಬ ತೆಳು ಪದರಕ್ಕೆ ಒಂದು ನಾಳ ರಕ್ತ ತರುತ್ತದೆ, ಇನ್ನೊಂದು ವಾಪಸ್ ಒಯ್ಯುತ್ತದೆ. ವಾಪಸ್ ಒಯ್ಯುವುದು ವೇನ್. ಬಚ್ಚಲ ತೂತು ಕಟ್ಟಿಕೊಂಡು ನಲ್ಲಿ ಮಾತ್ರ ಬಿಟ್ಟೇ ಇದ್ದರೆ ಏನಾಗುತ್ತದೆ? ಅದೇ ಇಲ್ಲೂ ಆಗುವುದು. ಒತ್ತಡ ಏರುತ್ತದೆ, ನಾಳ ಊದಿಕೊಳ್ಳುತ್ತದೆ, ರಕ್ತ ಮತ್ತು ನೀರಿನಂಶ ಹೊರಗೆ ಒಸರುತ್ತದೆ. ಓದಲು, ಮುಖ ಗುರುತಿಸಲು ಬೇಕಾದ ನಡುಭಾಗಕ್ಕೆ ಮ್ಯಾಕುಲಾ ಅಂತಾರೆ. ಅಲ್ಲಿ ನೀರು ತುಂಬಿದರೆ ದೃಷ್ಟಿ ಮಂಜಾಗುತ್ತದೆ.

ಸಾಮಾನ್ಯವಾಗಿ ಇದು ಹೇಗೆ ಬರುತ್ತದೆ?

ವಯಸ್ಸು 50 ದಾಟಿದೆ, ಬಿ.ಪಿ. ಇದೆ, ಒಂದು ಕಣ್ಣು ಮಂಜಾಗಿದೆ, ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಇದು ಪುಸ್ತಕದ ಚಿತ್ರ. ಮುಖ್ಯ ವೇನ್‌ಗೆ ಮರದ ಹಾಗೆ ಕೊಂಬೆಗಳಿರುತ್ತವೆ. ಕೊಂಬೆಯ ನಾಳ ಕಟ್ಟಿಕೊಳ್ಳುವುದು ಜಾಸ್ತಿ, ಮುಖ್ಯ ನಾಳ ಕಟ್ಟಿಕೊಳ್ಳುವುದು ಕಡಿಮೆ. ರೆಟಿನಾದಲ್ಲಿ ರಕ್ತ ತರುವ ನಾಳವೂ ಒಯ್ಯುವ ನಾಳವೂ ಅಲ್ಲಲ್ಲಿ ಒಂದರ ಮೇಲೊಂದು ದಾಟುತ್ತವೆ. ಬಿ.ಪಿ.ಯಿಂದ ಗಟ್ಟಿಯಾದ ಮೇಲಿನ ನಾಳ ಕೆಳಗಿನ ಮೆತ್ತನೆಯದನ್ನು ಒತ್ತುತ್ತದೆ. ಕೊಂಬೆ ಬ್ಲಾಕ್ ಆಗುವುದು ಹೆಚ್ಚಾಗಿ ಅಂಥ ಜಾಗದಲ್ಲೇ. ಮುಖ್ಯ ನಾಳ ಕಟ್ಟಿಕೊಂಡಾಗ ಒಳಗೆ ನೋಡಿದರೆ ಇಡೀ ರೆಟಿನಾದ ಮೇಲೆ ಕುಂಕುಮದ ಬಟ್ಟಲು ಚೆಲ್ಲಿದ ಹಾಗಿರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ನಮ್ಮಮ್ಮನಿಗೆ ಏನೂ ಗೊತ್ತೇ ಆಗಲಿಲ್ಲ. ಅದು ಹೇಗೆ ಸಾಧ್ಯ?

ತುಂಬಾ ಸಾಧ್ಯ. ನನ್ನ ಸೋದರತ್ತೆಯ ಕಥೆ ಕೇಳಿ. ದಿನಾ ಸಂಜೆ ಜಗುಲಿಯಲ್ಲಿ ಕೂತು ಮಲ್ಲಿಗೆ ಕಟ್ಟುವವರು. ಕೈ ತಾನಾಗಿ ಓಡುತ್ತದೆ, ಕಣ್ಣು ಬೇಕೇ ಇಲ್ಲ. ಒಂದು ಭಾನುವಾರ ತಲೆಗೆ ಸ್ನಾನ ಮಾಡುವಾಗ ಬಲಗಣ್ಣಿಗೆ ಸೀಗೆಪುಡಿ ಬಿತ್ತು. ಅದನ್ನು ಗಟ್ಟಿಯಾಗಿ ಮುಚ್ಚಿಕೊಂಡು ಈಚೆ ಬಂದರು. ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರೆ ಮೇಲಿನ ದೇವರ ಪಟ ಇದೆ, ಕೆಳಗಿನ ತಾರೀಖುಗಳೇ ಇಲ್ಲ! "ಕ್ಯಾಲೆಂಡರ್ ಅರ್ಧ ಹರಿದವರು ಯಾರೋ" ಅಂತ ಮನೆಯವರನ್ನೆಲ್ಲ ಬೈದರಂತೆ.

ಎಡಗಣ್ಣಿನಲ್ಲಿ ಎಷ್ಟು ದಿನದಿಂದ ಹಾಗಿತ್ತೋ ಗೊತ್ತಿಲ್ಲ. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಎಲ್ಲವನ್ನೂ ಮುಚ್ಚಿ ಹಾಕುತ್ತದೆ. ಇಲ್ಲಿ ನನ್ನದೂ ತಪ್ಪಿದೆ. ಅದಕ್ಕೆ ಮೂರು ತಿಂಗಳ ಹಿಂದೆ ಅವರ ಕನ್ನಡಕದ ನಂಬರ್ ನೋಡಿದವನು ನಾನೇ. ಎಡಗಣ್ಣಿನಲ್ಲಿ ಎರಡು ಸಾಲು ಕಡಿಮೆ ಓದಿದರು. "ಪೊರೆ ಶುರುವಾಗಿರಬೇಕು ಅತ್ತೆ" ಅಂದುಬಿಟ್ಟೆ. ಹನಿ ಹಾಕಿ ಒಳಗೆ ನೋಡಿಸಲಿಲ್ಲ. ಈಗ ಯಾರಿಗೂ ಆ ಮಾತು ಹೇಳುವುದಿಲ್ಲ.

ಕೊಂಬೆ ಬ್ಲಾಕ್ ಮೂಗಿನ ಕಡೆಯ ಭಾಗದಲ್ಲಿ ಆದರೆ ಇನ್ನೂ ಗುಟ್ಟಾಗಿರುತ್ತದೆ. ನಡುವಿನ ದೃಷ್ಟಿಗೆ ಏನೂ ಆಗಿರುವುದಿಲ್ಲ. ಬೇರೆ ಯಾವುದಕ್ಕೋ ಕಣ್ಣು ತೋರಿಸಲು ಬಂದಾಗ ಸಿಗುತ್ತದೆ.

ಕೆಳಗಿನ ಅರ್ಧ ಮಾತ್ರ ಕಾಣದೇ ಇರುವುದು ಯಾಕೆ?

ರೆಟಿನಾದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಹಾಗಾಗಿ ರೆಟಿನಾದ ಮೇಲರ್ಧ ಕೆಟ್ಟರೆ ನೋಟದ ಕೆಳಗಿನರ್ಧ ಹೋಗುತ್ತದೆ. ಸುಮಾರು ಐದರಲ್ಲೊಬ್ಬರಿಗೆ ಕಣ್ಣಿನ ಮುಖ್ಯ ವೇನ್ ಹುಟ್ಟಿನಿಂದಲೇ ಎರಡು ಕವಲಾಗಿ ಉಳಿದಿರುತ್ತದೆ. ಅದರಲ್ಲಿ ಒಂದು ಕವಲು ಕಟ್ಟಿಕೊಂಡರೆ ಗೆರೆ ಎಳೆದ ಹಾಗೆ ಅರ್ಧ ಹೋಗುತ್ತದೆ. ಅತ್ತೆಗೆ ಆದದ್ದು ಇದೇ.

ಆದರೆ ಅರ್ಧ ದೃಷ್ಟಿ ಹೋಗುವುದಕ್ಕೆ ಬೇರೆ ಕಾರಣಗಳೂ ಇವೆ. ದೃಷ್ಟಿ ನರಕ್ಕೆ ರಕ್ತ ನಿಂತರೂ ಹೀಗೇ ಆಗುತ್ತದೆ. ರೆಟಿನಾ ಬಿಚ್ಚಿಕೊಂಡರೂ ಪರದೆ ಬಂದ ಹಾಗೆ ಅನ್ನಿಸುತ್ತದೆ. ಎರಡೂ ಕಣ್ಣಿನಲ್ಲಿ ಒಂದೇ ಕಡೆಯ ಅರ್ಧ ಹೋಗಿದ್ದರೆ ತೊಂದರೆ ಮೆದುಳಿನದು. ಅದಕ್ಕೇ ಒಂದೊಂದೇ ಕಣ್ಣು ಮುಚ್ಚಿ ನೋಡಿ ಬಂದು ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಬೆಳಗ್ಗೆ ಎದ್ದಾಗ ಮಂಜು, ಕಾಫಿ ಕುಡಿಯುವ ಹೊತ್ತಿಗೆ ಸರಿ. ತೋರಿಸಬೇಕಾ?

ಒಂದೇ ಕಣ್ಣಿನಲ್ಲಾದರೆ ಖಂಡಿತ ತೋರಿಸಿ. ಮುಖ್ಯ ವೇನ್ ಪೂರ್ತಿ ಕಟ್ಟಿಕೊಳ್ಳುವ ಮುಂಚೆ ಕೆಲವರಿಗೆ ಹೀಗೆ ಬಂದು ಹೋಗುವ ಮಂಜು ಇರುತ್ತದೆ. ಮಲಗಿದಾಗ ಬಿ.ಪಿ. ಇಳಿಯುತ್ತದೆ, ವೇನ್ ಒಳಗಿನ ಒತ್ತಡ ಏರುತ್ತದೆ. ಮೊದಲೇ ನಿಧಾನವಾಗಿದ್ದ ಹರಿವು ಇನ್ನೂ ನಿಧಾನವಾಗುತ್ತದೆ. ಎಷ್ಟೋ ಜನಕ್ಕೆ ಇದು ಮೊದಲು ಗೊತ್ತಾಗುವುದೇ ಹಾಸಿಗೆಯಿಂದ ಎದ್ದಾಗ. ಪಂಜಾಬ್ ಮೂಲದ ಸೋಹನ್ ಸಿಂಗ್ ಹೈರೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಈ ಕಾಯಿಲೆಯನ್ನೇ ಬೆನ್ನು ಹತ್ತಿದ್ದರು. ನಿದ್ದೆಗೂ ಇದಕ್ಕೂ ಇರುವ ನಂಟನ್ನು ಅವರು ಒತ್ತಿ ಹೇಳಿದ್ದಾರೆ.

ಇದನ್ನು ಓದಿ ರಾತ್ರಿಯ ಬಿ.ಪಿ. ಮಾತ್ರೆಯನ್ನು ನೀವೇ ಬಿಡಬೇಡಿ. ಜೋರು ಗೊರಕೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲಿ ವೇನ್ ಬ್ಲಾಕ್ ಜಾಸ್ತಿ ಕಾಣಿಸುತ್ತದೆ.

ಎಲ್ಲ ಕಾಣುತ್ತದೆ, ನಡುವೆ ಒಂದು ಕಡೆ ಮಾತ್ರ ಕಪ್ಪು ಮಚ್ಚೆ. ಇದೂ ವೇನ್ ಬ್ಲಾಕಾ?

ಆಗಿರಬಹುದು. ಸುಮಾರು ಶೇ. 30ರಷ್ಟು ಕಣ್ಣುಗಳಲ್ಲಿ ಮ್ಯಾಕುಲಾದ ಒಂದು ತುಂಡಿಗೆ ರಕ್ತ ಕೊಡಲು ಪ್ರತ್ಯೇಕ ಸಣ್ಣ ನಾಳ ಇರುತ್ತದೆ. ಅದರಲ್ಲಿ ಒತ್ತಡ ಕಡಿಮೆ. ಮುಖ್ಯ ವೇನ್ ಕಟ್ಟಿ ಹಿಂದಿನಿಂದ ಒತ್ತಡ ಏರಿದಾಗ ಈ ಬಡಪಾಯಿ ನಾಳ ಮೊದಲು ಸೋಲುತ್ತದೆ. ಅದು ನೀರುಣಿಸುತ್ತಿದ್ದ ತುಂಡು ಒಣಗುತ್ತದೆ. ಪೇಪರ್ ಓದುವಾಗ ಪ್ರತಿ ಪದದಲ್ಲೂ ಒಂದು ಅಕ್ಷರ ನುಂಗಿದ ಹಾಗೆ ಕಾಣುತ್ತದೆ. ಗೋಡೆಯ ಬೋರ್ಡಿನಲ್ಲಿ ಮಾತ್ರ ಕೊನೆಯ ಸಾಲಿನವರೆಗೂ ಓದಿಬಿಡಬಹುದು. "ದೃಷ್ಟಿ ಸರಿ ಇದೆಯಲ್ಲ" ಅಂತ ವಾಪಸ್ ಕಳಿಸಿಬಿಡುವ ಅಪಾಯ ಇರುವುದು ಇಲ್ಲೇ. ಪಟ್ಟು ಹಿಡಿಯಿರಿ. ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್‌ನಲ್ಲಿ ಅದರ ನಡುಪದರ ಬೆಳ್ಳಗೆ ಕಂಡರೆ ವಿಷಯ ಗೊತ್ತಾಗುತ್ತದೆ.

ಕಣ್ಣ ಮುಂದೆ ಹೊಗೆ, ಜೇಡರ ಬಲೆ. ಡಾಕ್ಟರ್ "ಹಳೇ ಬ್ಲಾಕ್" ಅಂತಾರೆ. ಹಳೇದು ಯಾವಾಗ ಆಯ್ತು?

ನಿಮಗೆ ಗೊತ್ತಾಗದ ಹಾಗೆ, ತಿಂಗಳುಗಳ ಹಿಂದೆಯೋ ವರ್ಷಗಳ ಹಿಂದೆಯೋ ಆಗಿರುತ್ತದೆ. ರಕ್ತ ಸಿಗದ ಜಾಗ ಹಸಿವಿನಿಂದ ಕೂಗು ಹಾಕುತ್ತದೆ, ಅಂದರೆ ಒಂದು ರಾಸಾಯನಿಕ ಬಿಡುತ್ತದೆ. ಅದರ ಹೆಸರು ವಿಇಜಿಎಫ್. ಆ ಕೂಗಿಗೆ ಹೊಸ ನಾಳಗಳು ಚಿಗುರುತ್ತವೆ. ಆದರೆ ಅವು ಲಡ್ಡು ನಾಳಗಳು, ಸುಮ್ನೆ ಒಡೆಯುತ್ತವೆ. ಕಣ್ಣಿನೊಳಗಿನ ತಿಳಿ ಲೋಳೆಯಲ್ಲಿ ರಕ್ತ ಹರಡಿ ಹೊಗೆಯ ಹಾಗೆ ಕಾಣುತ್ತದೆ. ರಕ್ತ ಜಾಸ್ತಿ ಇದ್ದು ಒಳಗೆ ನೋಡಲು ಆಗದಿದ್ದರೆ ಕಣ್ಣಿಗೂ ಅಲ್ಟ್ರಾಸೌಂಡ್ ಮಾಡುತ್ತಾರೆ. ರೆಟಿನಾ ಹರಿದಿದೆಯೋ ಇಲ್ಲವೋ ನೋಡುವುದು ಅದರ ಮುಖ್ಯ ಉದ್ದೇಶ.

ನೋವಿರಲ್ಲ ಅಂತೀರಿ. ನಮ್ಮ ಭಾವನಿಗೆ ತಲೆ ಸಿಡಿಯುವ ನೋವು, ವಾಂತಿ. ಇದು ಬೇರೆ ಕಾಯಿಲೆಯಾ?

ಅದೇ ಕಾಯಿಲೆಯ ಮುಂದಿನ ಅಧ್ಯಾಯ ಇರಬಹುದು. ಮುಖ್ಯ ವೇನ್ ಬ್ಲಾಕ್‌ನಲ್ಲಿ ಎರಡು ಬಗೆ. ರೆಟಿನಾಗೆ ರಕ್ತ ಅಷ್ಟಿಷ್ಟು ಸಿಗುತ್ತಿರುವುದು ಒಂದು. ದೊಡ್ಡ ಭಾಗಕ್ಕೆ ಸಿಗದೇ ಹೋಗಿರುವುದು ಇನ್ನೊಂದು. ಎರಡನೆಯದರಲ್ಲಿ ಹೊಸ ನಾಳಗಳು ಕಣ್ಣಿನ ಮುಂಭಾಗಕ್ಕೂ ಬಂದು, ನೀರು ಹೊರಹೋಗುವ ಮೂಲೆಯಲ್ಲಿ ಬೇರು ಬಿಡುತ್ತವೆ. ದಾರಿ ಮುಚ್ಚುತ್ತದೆ. ಕಣ್ಣಿನ ಪ್ರೆಶರ್ ಸಾಮಾನ್ಯವಾಗಿ 10ರಿಂದ 21 ಇರಬೇಕಾದದ್ದು 50 ದಾಟಬಹುದು. ಕಣ್ಣು ಕೆಂಪು, ತಲೆನೋವು, ವಾಂತಿ. ಮನೆಯವರು ಪಿತ್ತ ಅಂತ ಶುಂಠಿ ಕಷಾಯ ಕೊಡುತ್ತಾರೆ, ಇಲ್ಲವೇ ಮೈಗ್ರೇನ್ ಅಂತ ಮಲಗಿಸುತ್ತಾರೆ.

ಇದಕ್ಕೆ 90 ದಿನದ ಗ್ಲಾಕೋಮಾ ಅಂತ ಹಳೆಯ ಹೆಸರಿದೆ (ಗ್ಲಾಕೋಮಾ ಅಂದರೆ ಹೆಚ್ಚಾಗಿ ಕಣ್ಣಿನ ಪ್ರೆಶರ್ ಏರಿ ದೃಷ್ಟಿ ನರ ಕೆಡುವ ಕಾಯಿಲೆ). ಬ್ಲಾಕ್ ಆಗಿ ಸುಮಾರು ಮೂರು ತಿಂಗಳಿಗೆ ಬರುವುದರಿಂದ ಹಾಗೆ ಕರೆದರು. ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಬೇಗನೆಯೂ ಬರಬಹುದು, ತಡವಾಗಿಯೂ ಬರಬಹುದು. "ಇನ್ನು ದೃಷ್ಟಿ ಬರಲ್ಲವಂತೆ, ಆಸ್ಪತ್ರೆ ಯಾಕೆ" ಅಂತ ಮನೆಯಲ್ಲಿ ಕೂತವರಿಗೇ ಇದು ಬರುವುದನ್ನು ನೋಡಿದ್ದೇನೆ. ಮೊದಲ ಆರು ತಿಂಗಳು ಕರೆದಾಗೆಲ್ಲ ಹೋಗಲೇಬೇಕು. ಶುರುವಿನಲ್ಲಿ ಹಗುರವಾಗಿ ಕಂಡ ಬ್ಲಾಕ್ ಆಮೇಲೆ ಕೆಟ್ಟ ಬಗೆಗೆ ತಿರುಗಬಹುದು. ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ಮೂರು ವರ್ಷದೊಳಗೆ ಸುಮಾರು ಮೂರರಲ್ಲಿ ಒಂದು ಕಣ್ಣಿಗೆ ಹಾಗಾಗಿತ್ತು.

ನನಗೆ 28 ವರ್ಷ. ಬಿ.ಪಿ. ಇಲ್ಲ, ಶುಗರ್ ಇಲ್ಲ. ನನಗ್ಯಾಕೆ?

ಈ ಪ್ರಶ್ನೆಯನ್ನು ಬಿಡಬೇಡಿ. ನನ್ನ ಪ್ರಕಾರ ಚಿಕ್ಕ ವಯಸ್ಸಿನವರು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು. ಕಣ್ಣಿಗೆ ಇಂಜೆಕ್ಷನ್ ಕೊಟ್ಟರೆ ಮ್ಯಾಕುಲಾದ ನೀರು ಇಳಿಯುತ್ತದೆ, ಆದರೆ ಯಾಕೆ ಬಂತು ಅನ್ನುವುದು ಹಾಗೇ ಉಳಿಯುತ್ತದೆ.

ಮೊದಲು ನಿಜವಾಗಿಯೂ ಬಿ.ಪಿ. ಇಲ್ಲವಾ ಅಂತ ನೋಡಬೇಕು. "ಇಲ್ಲ" ಅನ್ನುವವರಲ್ಲಿ ಎಷ್ಟೋ ಜನ ಒಮ್ಮೆಯೂ ಅಳೆಸಿಕೊಂಡವರಲ್ಲ. ಆಮೇಲೆ ರಕ್ತ ಗಟ್ಟಿಯಾಗುವ ಸ್ವಭಾವ. ಹೋಮೋಸಿಸ್ಟೀನ್ ಎಂಬ ಅಂಶ ರಕ್ತದಲ್ಲಿ ಏರಿದರೆ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಬಿ12 ಕಡಿಮೆಯಾದರೆ ಅದು ಏರುತ್ತದೆ. ಬಿ12 ಹೆಚ್ಚಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ. ಸೊಪ್ಪು ತರಕಾರಿಯಲ್ಲಿ ಇಲ್ಲ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಹಾಲು ಮೊಸರು ಬಿಟ್ಟವರಲ್ಲಿ, ಈ ಕೊರತೆ ಸಾಮಾನ್ಯ. ನಮ್ಮ ಕಡೆ ಇದನ್ನು ನೋಡದೇ ಬಿಡುವುದು ತಪ್ಪು ಅಂತ ನನ್ನ ಅಭಿಪ್ರಾಯ.

ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ, ಹಬ್ಬಕ್ಕೆಂದು ಮುಟ್ಟು ಮುಂದೂಡುವ ಮಾತ್ರೆ, ಯಾವುದೇ ಹಾರ್ಮೋನ್ ಮಾತ್ರೆ ತಗೊಂಡಿದ್ದರೆ ಹೇಳಲೇಬೇಕು. ಅತ್ತೆ ಪಕ್ಕದಲ್ಲಿದ್ದಾರೆ ಅಂತ ಎಷ್ಟೋ ಜನ ಹೇಳುವುದಿಲ್ಲ. ಆಚೆ ಕಳಿಸಿ ಕೇಳಿ ಅಂತ ನನಗೆ ಕಣ್ಸನ್ನೆ ಮಾಡಿದರೂ ಸಾಕು. ಪದೇ ಪದೇ ಗರ್ಭಪಾತ ಆಗಿದ್ದರೂ ಹೇಳಿ. ರಕ್ತ ಹೆಪ್ಪುಗಟ್ಟಿಸುವ ಒಂದು ಬಗೆಯ ಪ್ರತಿಕಾಯಗಳು ಎರಡಕ್ಕೂ ಕಾರಣ ಇರಬಹುದು. ಅದಕ್ಕೆ ಪ್ರತ್ಯೇಕ ರಕ್ತಪರೀಕ್ಷೆ ಇದೆ.

ಇನ್ನೊಂದು, ನಾಳದ ಗೋಡೆಯೇ ಉರಿಯೂತದಿಂದ ಊದಿಕೊಳ್ಳುವುದು. 1880ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೆನ್ರಿ ಈಲ್ಸ್ ಎಂಬ ವೈದ್ಯರು ಹರೆಯದ ಗಂಡಸರ ಕಣ್ಣಿನಲ್ಲಿ ಮತ್ತೆ ಮತ್ತೆ ರಕ್ತ ಸೋರುವುದನ್ನು ವಿವರಿಸಿದರು. ಅವರ ರೋಗಿಗಳಿಗೆ ಮೂಗಿನಿಂದ ರಕ್ತ, ಮಲಬದ್ಧತೆ ಎರಡೂ ಇದ್ದವು. ಪಾಪ, ಅವರು ಅದಕ್ಕೂ ಇದಕ್ಕೂ ಗಂಟು ಹಾಕಿದರು. ಇವತ್ತು ಈಲ್ಸ್ ಕಾಯಿಲೆ ಇಂಗ್ಲೆಂಡಿಗಿಂತ ಭಾರತದಲ್ಲೇ ಜಾಸ್ತಿ. ಇದಕ್ಕೂ ಕ್ಷಯಕ್ಕೂ ನಂಟಿದೆ ಅನ್ನುವ ಅನುಮಾನ ಬಲವಾಗಿದೆ. ಅದಕ್ಕೇ ಕಣ್ಣು ತೋರಿಸಲು ಬಂದವರಿಗೆ ಎದೆಯ ಎಕ್ಸ್‌ರೇ ಬರೆದುಕೊಡುವುದು. "ಕಣ್ಣಿಗೂ ಎದೆಗೂ ಏನು ಸಂಬಂಧ" ಅಂತ ಚೀಟಿ ಮಡಚಿ ಜೇಬಿಗಿಡಬೇಡಿ. ಉರಿಯೂತದ ಬಗೆಗೆ ಔಷಧಿ ಬೇರೆಯೇ.

ಎರಡೂ ಕಣ್ಣಿಗೆ ಒಟ್ಟಿಗೆ ಬಂದಿದೆ. ಶುಗರ್‌ನಿಂದ ಇರಬಹುದಾ?

ಇರಬಹುದು. ಶುಗರ್‌ನಿಂದ ರೆಟಿನಾದಲ್ಲಿ ರಕ್ತ ಸೋರುವುದು ಹೆಚ್ಚಾಗಿ ಎರಡೂ ಕಣ್ಣಿಗೆ ಬರುತ್ತದೆ. ಆದರೆ ಎರಡೂ ಕಣ್ಣಿನಲ್ಲಿ ಮುಖ್ಯ ವೇನ್ ಬ್ಲಾಕ್ ಥರದ ಚಿತ್ರ ಏಕಕಾಲಕ್ಕೆ ಕಂಡರೆ ಡಾಕ್ಟರ ಅನುಮಾನ ಕಣ್ಣಿನಿಂದ ರಕ್ತಕ್ಕೆ ಹೋಗುತ್ತದೆ. ರಕ್ತವೇ ಮಂದವಾಗಿದ್ದರೆ ಎರಡೂ ಕಡೆ ಹರಿವು ನಿಧಾನವಾಗುವುದು ಸಹಜ ಅಲ್ವಾ? ಕೆಂಪು ಕಣ ಅತಿಯಾಗಿರಬಹುದು. ರಕ್ತದ ಕ್ಯಾನ್ಸರ್ ಇರಬಹುದು. ಇಲ್ಲವೇ ರಕ್ತದಲ್ಲಿ ಒಂದು ಬಗೆಯ ಪ್ರೋಟೀನ್ ವಿಪರೀತ ಏರಿರಬಹುದು. ಈ ಕೊನೆಯದರಲ್ಲಿ ಒಂದನ್ನು 1944ರಲ್ಲಿ ಸ್ವೀಡನ್ನಿನ ಯಾನ್ ವಾಲ್ಡೆನ್‌ಸ್ಟ್ರಾಮ್ ವಿವರಿಸಿದರು. ಆ ಕಾಯಿಲೆಗೆ ಅವರ ಹೆಸರೇ ಇದೆ. ಅದರಲ್ಲಿ ರೆಟಿನಾದ ವೇನ್‌ಗಳು ಹುಣಸೆಕಾಯಿಯ ಹಾಗೆ, ಊದಿ ಸೊರಗಿ ಊದಿ ಸೊರಗಿ ಕಾಣುತ್ತವೆ.

ಇಂಥವರಿಗೆ ಸುಸ್ತು, ತಲೆನೋವು, ಒಸಡಿನಲ್ಲಿ ರಕ್ತ, ತೂಕ ಇಳಿಯುವುದು ಇರಬಹುದು. ಕಣ್ಣಿನ ಡಾಕ್ಟರ ಹತ್ತಿರ ಅದನ್ನೆಲ್ಲ ಯಾಕೆ ಹೇಳುವುದು ಅಂತ ಸುಮ್ಮನಿರುತ್ತಾರೆ. ಹೇಳಿ. ರಕ್ತದ ಕಣಗಳನ್ನು ಎಣಿಸುವ ಒಂದು ಸಾಮಾನ್ಯ ಸಿಬಿಸಿ ಪರೀಕ್ಷೆಯೇ ಎಷ್ಟೋ ಸಲ ದಾರಿ ತೋರಿಸುತ್ತದೆ. ರಕ್ತವನ್ನು ಸರಿಪಡಿಸಿದರೆ ಕಣ್ಣೂ ಸುಧಾರಿಸಬಹುದು.

ಡೆಂಗಿ ಬಂದು ಹೋದ ಮೇಲೆ ಕಣ್ಣು ಮಂಜಾಗಿದೆ.

ಜ್ವರ ಶುರುವಾಗಿ ಸುಮಾರು ಒಂದು ವಾರಕ್ಕೆ, ಪ್ಲೇಟ್‌ಲೆಟ್ ಕೆಳಗಿರುವ ಹೊತ್ತಿಗೆ, ಕೆಲವರಿಗೆ ರೆಟಿನಾದಲ್ಲಿ ರಕ್ತ, ಊತ ಆಗುತ್ತದೆ. ವೇನ್ ಬ್ಲಾಕ್ ಥರವೇ ಕಾಣಬಹುದು. ನಿಜವಾದ ಬ್ಲಾಕ್ ಆಗುವುದು ಅಪರೂಪ. ಜ್ವರದ ಸುಸ್ತಿಗೆ ಹೀಗಾಗಿದೆ ಅಂದುಕೊಂಡು ಕಾಯಬೇಡಿ. ಕೋವಿಡ್ ನಂತರವೂ ಇಂಥ ಪ್ರಕರಣಗಳು ವರದಿಯಾಗಿವೆ.

ವೇನ್ ಬ್ಲಾಕ್ ಅಲ್ಲದ್ದನ್ನು ವೇನ್ ಬ್ಲಾಕ್ ಅಂದುಕೊಳ್ಳುವುದು ಉಂಟಾ?

ಉಂಟು. ಕುತ್ತಿಗೆಯ ದೊಡ್ಡ ರಕ್ತನಾಳ ಕಿರಿದಾದರೆ ಕಣ್ಣಿಗೆ ರಕ್ತ ಕಡಿಮೆಯಾಗುತ್ತದೆ, ರೆಟಿನಾದಲ್ಲಿ ಚುಕ್ಕೆ ಚುಕ್ಕೆ ರಕ್ತ ಕಾಣುತ್ತದೆ. ಅಂಥವರಿಗೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಕುತ್ತಿಗೆಗೆ ಬೇಕು. ಪಾರ್ಶ್ವವಾಯು ತಪ್ಪಿಸುವ ಅವಕಾಶವೂ ಅದೇ.

ರಕ್ತ ತರುವ ನಾಳ ಕಟ್ಟಿಕೊಳ್ಳುವುದಂತೂ ಪೂರ್ತಿ ಬೇರೆ ಲೆಕ್ಕ. ಅದು ಸ್ವಿಚ್ ಆರಿಸಿದ ಹಾಗೆ ಕ್ಷಣದಲ್ಲಿ ಆಗುತ್ತದೆ. ವೇನ್ ಬ್ಲಾಕ್‌ನಲ್ಲಿ ದೃಷ್ಟಿ ಗಂಟೆಗಳಲ್ಲಿ, ದಿನಗಳಲ್ಲಿ ಮಸುಕಾಗುತ್ತದೆ. ಕ್ಷಣದಲ್ಲಿ ಒಂದು ಕಣ್ಣು ಕತ್ತಲಾದರೆ ಪಾರ್ಶ್ವವಾಯು ನೋಡುವ ದೊಡ್ಡ ಆಸ್ಪತ್ರೆಗೆ ಆಗಲೇ ಓಡಬೇಕು.

ಕೈಗೆ ಇಂಜೆಕ್ಷನ್ ಕೊಟ್ಟು ಕಣ್ಣಿನ ಫೋಟೋ ತೆಗೀತಾರಂತೆ. ಅಪಾಯವಾ?

ಅದು ಎಫ್‌ಎಫ್‌ಎ. ಕೈಯ ನಾಳಕ್ಕೆ ಹಳದಿ ಬಣ್ಣದ ದ್ರವ ಕೊಟ್ಟು, ಅದು ರೆಟಿನಾದಲ್ಲಿ ಹರಿಯುವುದನ್ನು ಫೋಟೋ ತೆಗೆಯುತ್ತಾರೆ. ಎಲ್ಲಿ ರಕ್ತ ತಲುಪುತ್ತಿಲ್ಲ ಅನ್ನುವುದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಕೆಲವರಿಗೆ ಒಂದು ನಿಮಿಷ ಹೊಟ್ಟೆ ತೊಳಸುತ್ತದೆ. ಅಲರ್ಜಿ ಅಪರೂಪ, ಆದರೂ ಹಿಂದೆ ಯಾವುದಕ್ಕಾದರೂ ಆಗಿದ್ದರೆ ಮೊದಲೇ ಹೇಳಿ. ಒಂದು ದಿನ ಮೂತ್ರ ಗಾಢ ಹಳದಿ ಬರುತ್ತದೆ. ಮೊದಲೇ ಹೇಳದಿದ್ದರೆ ರಾತ್ರಿ ಗಾಬರಿಯಾಗಿ ಫೋನ್ ಬರುವುದು ಗ್ಯಾರಂಟಿ.

ಕಣ್ಣಿನೊಳಗೆ ಇಂಜೆಕ್ಷನ್? ಎಷ್ಟು ಸಲ?

ಆ ವಿಇಜಿಎಫ್ ಕೂಗನ್ನು ಅಡಗಿಸುವ ಔಷಧಿ ಅದು. ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್, ಬೆವಾಸಿಜುಮ್ಯಾಬ್ ಅಂತ ಹೆಸರು ಕೇಳಿರುತ್ತೀರಿ. ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರ್ ಔಷಧಿ, ಬೆಲೆ ಕಡಿಮೆ. ಮ್ಯಾಕುಲಾದ ನೀರು ಇಳಿಸಲು ಅದನ್ನೂ ಬಳಸುತ್ತಾರೆ. ಮರಗಟ್ಟುವ ಹನಿ ಹಾಕಿ, ಬಿಳಿಗುಡ್ಡೆಯ ಮೂಲಕ ಸಣ್ಣ ಸೂಜಿಯಲ್ಲಿ ಕೊಡುತ್ತಾರೆ. ಕೆಲವೇ ಸೆಕೆಂಡು. ಕಾಯುವ ಭಯವೇ ದೊಡ್ಡದು.

ಒಂದಕ್ಕೆ ಮುಗಿಯುವುದಿಲ್ಲ ಅನ್ನುವುದನ್ನು ಮೊದಲೇ ತಿಳಿದಿರಿ. ಶುರುವಿನಲ್ಲಿ ತಿಂಗಳಿಗೊಂದು, ಆಮೇಲೆ ಸ್ಕ್ಯಾನ್ ನೋಡಿಕೊಂಡು. ಅತ್ತೆಗೆ ಆರು ಆಯಿತು. ಪ್ರತಿ ಸಲವೂ "ಇದು ಕೊನೇದಾ?" ಅಂತ ಕೇಳುತ್ತಿದ್ದರು. ಕೆಲವು ತಿಂಗಳು ಕೆಲಸ ಮಾಡುವ ಸ್ಟೀರಾಯ್ಡ್ ಗುಳಿಗೆಯನ್ನೂ ಕಣ್ಣಿನೊಳಗೆ ಇಡಬಹುದು. ಅದರಿಂದ ಪ್ರೆಶರ್ ಏರಬಹುದು, ಪೊರೆ ಬೇಗ ಬರಬಹುದು. ಹೊಸ ನಾಳ ಚಿಗುರಿದ್ದರೆ ಲೇಸರ್ ಬೇಕಾಗುತ್ತದೆ.

ರಕ್ತ ತೆಳು ಮಾಡುವ ಮಾತ್ರೆ ಯಾಕೆ ಕೊಡಲ್ಲ?

ಹೃದಯದ ಬ್ಲಾಕ್‌ಗೆ ಕೊಡುತ್ತಾರಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿ ಆಸ್ಪಿರಿನ್‌ನಿಂದ ವೇನ್ ತೆರೆದುಕೊಳ್ಳುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ರಕ್ತಸ್ರಾವ ಜಾಸ್ತಿಯಾಗಬಹುದು ಅನ್ನುವ ಆತಂಕವೂ ಇದೆ. ಹೃದಯಕ್ಕೆಂದು ಮೊದಲಿಂದ ತಗೊಳ್ಳುತ್ತಿದ್ದರೆ ಮಾತ್ರ ಕಣ್ಣಿನ ಹೆಸರಲ್ಲಿ ನಿಲ್ಲಿಸಬೇಡಿ.

ಯೋಗ ಮಾಡಬಹುದಾ?

ಉಸಿರಾಟ, ನಡಿಗೆ, ಮಾಮೂಲಿ ಆಸನ ಮಾಡಿ. ಶೀರ್ಷಾಸನ ಬೇಡ. ತಲೆಕೆಳಗಾಗಿ ನಿಂತಾಗ ಕಣ್ಣಿನ ಪ್ರೆಶರ್ ಸುಮಾರು ಎರಡು ಪಟ್ಟು ಏರುತ್ತದೆ. ಮೊಬೈಲ್ ನೋಡುವುದರಿಂದ ವೇನ್ ಬ್ಲಾಕ್ ಆಗುವುದಿಲ್ಲ. ಸಿಗರೇಟ್ ಬಿಡಿ.

ಇನ್ನೊಂದು ಕಣ್ಣಿಗೂ ಬರುತ್ತಾ?

ಬರಬಹುದು, ಆದರೆ ಬಂದೇ ಬರುತ್ತದೆ ಅಂತಲ್ಲ. ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ಹಿಡಿತದಲ್ಲಿರಲಿ. ಚೆನ್ನಾಗಿರುವ ಕಣ್ಣಿನ ಪ್ರೆಶರ್ ಕೂಡ ನೋಡಿಸಿ, ಗ್ಲಾಕೋಮಾ ಇರುವವರಿಗೆ ಮುಖ್ಯ ವೇನ್ ಬ್ಲಾಕ್ ಸಾಧ್ಯತೆ ಹೆಚ್ಚು. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರ್ ನೋಡಿ. ಅಂಗೈ ಬಟ್ಟಲು ಮಾಡಿ ಮುಚ್ಚಿ, ಕಣ್ಣನ್ನು ಒತ್ತಬೇಡಿ. ಒತ್ತಿದರೆ ಆಮೇಲೆ ಆ ಕಣ್ಣೂ ಸ್ವಲ್ಪ ಹೊತ್ತು ಮಂಜಾಗಿ ಸುಮ್ನೆ ಹೆದರುತ್ತೀರಿ.

ಇಂಜೆಕ್ಷನ್ ಆದ ಮೇಲೆ ತಲೆಗೆ ಸ್ನಾನ ಯಾವಾಗ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ! ನಿಮ್ಮ ಡಾಕ್ಟರ್ ಹೇಳಿದಷ್ಟು ದಿನ ಕಣ್ಣಿಗೆ ನೀರು ಬೀಳಬಾರದು, ಉಜ್ಜಬಾರದು. ಕುತ್ತಿಗೆಯಿಂದ ಕೆಳಗೆ ಸ್ನಾನ ಮಾಡಿ. ಬಿಳಿಗುಡ್ಡೆಯ ಮೇಲೆ ಕೆಂಪು ಕಲೆ ಕಂಡರೆ ಅದು ಸೂಜಿ ತಾಗಿದ ಜಾಗ, ಒಂದೆರಡು ವಾರಕ್ಕೆ ಹೋಗುತ್ತದೆ. ಆದರೆ ನೋವು ದಿನದಿಂದ ದಿನಕ್ಕೆ ಏರಿದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮೊದಲಿಗಿಂತ ಕಡಿಮೆಯಾದರೆ ಸೋಂಕು ಇರಬಹುದು. ಆಗ ಅಪಾಯಿಂಟ್‌ಮೆಂಟ್ ಕಾಯಬೇಡಿ, ಭಾನುವಾರ ಆದರೂ ಬನ್ನಿ.